ವೆಂಕಟಾಚಲನ ಬಲಗೈ ಮತ್ತು ಹತ್ತು ಕಂಟ್ರಿ ಆಲ್ಬಂಗಳು

ದೇವರು ಮನುಷ್ಯನಿಗೆ ಎರಡು ಕೈ ಕೊಟ್ಟ. ಕಡಲಾಚೆಯ ಬೆರ್ರಿಯೆಸಾ ಬಡಾವಣೆಯ ವೆಂಕಟಾಚಲನಿಗೂ ಲೆಕ್ಕ ತಪ್ಪದೆ ಎರಡನ್ನೇ ಕೊಟ್ಟಿದ್ದ. ಆದರೆ ಬಲಗೈಯ ಮೇಲೆ ಹೆಂಡತಿ ಜಲಜಾ ನಿಷೇಧಾಜ್ಞೆ ಹೊರಡಿಸಿದ್ದಳು. ಊಟಕ್ಕೆ, ಕಾರು ಓಡಿಸುವುದಕ್ಕೆ, ಆಫೀಸಿನಲ್ಲಿ ಮೌಸು ಹಿಡಿಯುವುದಕ್ಕೆ ಆ ಕೈಯನ್ನು ಧಾರಾಳವಾಗಿ ಬಳಸಬಹುದಿತ್ತು. ಸಂಗೀತ ಕೇಳಿಸುವ ಕಡೆ ಮಾತ್ರ ಅದು ತೊಡೆಯ ಅಡಿಯಲ್ಲೋ ಪ್ಯಾಂಟಿನ ಜೇಬಿನಲ್ಲೋ ಇರಬೇಕಾಗಿತ್ತು.

ಸುಮ್ಮಸುಮ್ಮನೆ ಹೊರಟ ಆಜ್ಞೆಯಲ್ಲ ಇದು. ಜಲಜಾ ಮೈಸೂರಿನ ವಿದ್ವಾನ್ ತಿರುಮಲೇಶಯ್ಯನವರ ಮಗಳು. ಮನೆಯ ಗ್ಯಾರೇಜಿನಲ್ಲಿ ಜಮಖಾನ ಹಾಸಿ ಶನಿವಾರ ಭಾನುವಾರ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಾಳೆ. ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ತಾನೇ ಕಛೇರಿ ಮಾಡುತ್ತಾಳೆ. ವೆಂಕಟಾಚಲನಿಗೋ ಸಂಗೀತದ ಗಂಧಗಾಳಿಯೂ ಇಲ್ಲ. ರೆಡ್‌ವುಡ್ ಸಿಟಿಯ ಒಂದು ಕಂಪನಿಯಲ್ಲಿ ಕೂತು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಸ್ವಂತ ತಪ್ಪುಗಳನ್ನು ಹುಡುಕುವ ಕೆಲಸವನ್ನು ಅವನು ಮದುವೆಯಾದಂದೇ ಹೆಂಡತಿಗೆ ವಹಿಸಿಕೊಟ್ಟಿದ್ದ.

ಆದರೂ ವಿದ್ವಾಂಸರ ಅಳಿಯ ಎನಿಸಿಕೊಂಡ ಮೇಲೆ ಕಛೇರಿಯಲ್ಲಿ ಸುಮ್ಮನೆ ಕೂರಲಾದೀತೆ? ಅವನು ಮುಂದಿನ ಸಾಲಿನಲ್ಲಿ ಕೂತು, ಕಣ್ಣನ್ನು ಅರ್ಧ ಮುಚ್ಚಿ ತಾಳ ಹಾಕುತ್ತಿದ್ದ. ತೊಡೆಗೊಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಮತ್ತೆ ಪೆಟ್ಟು, ಅಂಗೈ ಮೇಲೆ. ಇನ್ನೊಂದು ಪೆಟ್ಟು, ಅಂಗೈ ಮೇಲೆ. ಅಲ್ಲಿಗೆ ಎಂಟು ಎಣಿಕೆ, ಒಂದು ಸುತ್ತು. ದೂರದಿಂದ ನೋಡಿದವರು ಯಾರೋ ದೊಡ್ಡ ರಸಿಕ ಎಂದು ಪಕ್ಕಕ್ಕೆ ಸರಿದು ಜಾಗ ಕೊಡುತ್ತಿದ್ದರು. ಇದರಲ್ಲಿದ್ದದ್ದು ಒಂದೇ ಕೊರತೆ. ಅವನ ಪ್ರತಿ ಪೆಟ್ಟೂ ಅರ್ಧ ಎಣಿಕೆ ತಡವಾಗಿ ಬೀಳುತ್ತಿತ್ತು.

ಹೋದ ನವರಾತ್ರಿಯಲ್ಲಿ ಇದು ಅನಾಹುತಕ್ಕೆ ಬಂತು. ಮೃದಂಗಕ್ಕೆ ಕೂತವನು ಗುರುಕಿರಣ. ವಾರವೆಲ್ಲ ಚಿಪ್ ಕಂಪನಿಯಲ್ಲಿ ಎಂಜಿನಿಯರ್, ವಾರದ ಕೊನೆಗೆ ಮೃದಂಗ, ನಡುನಡುವೆ ಕನ್ನಡ ಬಳಗದ ಕಾರ್ಯದರ್ಶಿ. ಮೃದಂಗವೊಂದೇ ನುಡಿಯುವ ತನಿ ಆವರ್ತನದ ಉತ್ಸಾಹದಲ್ಲಿ ಅವನು ಕಣ್ಣು ಬಿಟ್ಟಾಗ ಎದುರಿಗೆ ಕಂಡದ್ದು ವೆಂಕಟಾಚಲನ ಕೈ. ವಿದ್ವಾಂಸರ ಅಳಿಯನ ಕೈ ತಪ್ಪಿರಲಾರದು, ತಾನೇ ತಪ್ಪಿರಬೇಕು ಎಂದುಕೊಂಡ ಆ ಸಾಧುಪ್ರಾಣಿ ಆ ಕೈಯನ್ನೇ ಹಿಂಬಾಲಿಸಿಬಿಟ್ಟ. ಜಲಜಾ ಮತ್ತೆ ಹಾಡು ಎತ್ತಿಕೊಂಡರೆ ಅವಳೊಂದು ಕಡೆ, ಮೃದಂಗ ಒಂದು ಕಡೆ. ಸಭೆ ಕೆಮ್ಮತೊಡಗಿತು. ಕಛೇರಿ ಮುಗಿದ ಮೇಲೆ ಯಾರೂ ಆ ವಿಷಯ ಎತ್ತದೆ ಕೇಸರಿಬಾತಿನಲ್ಲಿ ದ್ರಾಕ್ಷಿ ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂದು ಚರ್ಚಿಸಿದರು. ಅದು ಜಲಜಾಳಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಕಾರಿನಲ್ಲಿ ಅವಳು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ವೆಂಕಟಾಚಲನಿಗೆ ಅಭ್ಯಾಸವಿತ್ತು. ಕಾರು ಫ್ರೀವೇ ಹತ್ತಿದ ಮೇಲೆ ತಣ್ಣಗೆ ಹೇಳಿದಳು. "ಇನ್ನೊಂದು ಸಲ ಎಲ್ಲಾದ್ರೂ ಆ ಕೈ ಆಡಿದ್ದು ನನ್ನ ಕಿವಿಗೆ ಬಿದ್ರೆ, ನೀವು ನನ್ನ ಕಛೇರಿಗೆ ಬರೋದೇ ಬೇಡ ರೀ. ಹೊರಗಡೆ ಕಾರಲ್ಲೇ ಕೂತಿರಿ."

ವೆಂಕಟಾಚಲ ಸ್ಟೀರಿಂಗಿನ ಮೇಲಿದ್ದ ಬಲಗೈಯನ್ನು ಒಮ್ಮೆ ನೋಡಿಕೊಂಡ. ಅವನಿಗೆ ರಾಗ ತಿಳಿಯದು, ಸಾಹಿತ್ಯ ತಿಳಿಯದು, ನಿಜ. ಆದರೆ ದಿನವಿಡೀ ಡಿಶ್‌ವಾಷರಿನ ಮೇಲೆ, ಮಗಳ ಮೇಲೆ, ತನ್ನ ಮೇಲೆ ರೇಗುವ ಜಲಜಾ ವೇದಿಕೆ ಹತ್ತಿ ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿ ಮೊದಲ ಸ್ವರ ಹಿಡಿಯುವ ಆ ಗಳಿಗೆ ಇದೆಯಲ್ಲ, ಅದನ್ನು ನೋಡುವುದಕ್ಕಾಗಿಯೇ ಅವನು ವರ್ಷವಿಡೀ ಕಾಯುತ್ತಿದ್ದ. ಇಷ್ಟು ದೊಡ್ಡವಳು ತನ್ನ ಮನೆಯಲ್ಲೇ ಇದ್ದಾಳಲ್ಲ ಎಂದು ಪ್ರತಿ ಸಲವೂ ಅವನಿಗೆ ಬೆರಗಾಗುತ್ತಿತ್ತು. ಆ ಬೆರಗನ್ನು ಕಾರಿನ ಗಾಜಿನೊಳಗೆ ಕೂತು ಅನುಭವಿಸುವುದು ಸಾಧ್ಯವಿರಲಿಲ್ಲ. ಹೀಗಾಗಿ ಅಂದಿನಿಂದ ಬಲಗೈಯನ್ನು ಕಟ್ಟುನಿಟ್ಟಾಗಿ ಕಾಯ್ದುಕೊಂಡ. ಲಿಫ್ಟಿನಲ್ಲಿ ಸಂಗೀತ ಬಂದರೂ ಜೇಬಿಗಿಳಿಸುತ್ತಿದ್ದ.

ಹೀಗಿರುವಾಗ ಬೇಸಿಗೆಯ ಒಂದು ಶನಿವಾರ ಬೆಳಗ್ಗೆ ಜಲಜಾಳ ಗ್ಯಾರೇಜಿನಲ್ಲಿ ಪಾಠ ನಡೆದಿತ್ತು. ವೆಂಕಟಾಚಲ ಸುರಕ್ಷಿತ ದೂರದಲ್ಲಿ, ಡ್ರೈವ್‌ವೇ ತುದಿಯಲ್ಲಿ ಗಿಡ್ಡ ಸ್ಟೂಲು ಹಾಕಿಕೊಂಡು ಕೂತು ಕಳೆ ಕೀಳುತ್ತಿದ್ದ. ರಸ್ತೆಯಾಚೆ ಎದುರುಮನೆಯ ಅರ್ಲೀನ್ ಗ್ಯಾರೇಜಿನ ಬಾಗಿಲೆತ್ತಿದಳು. ಎಂಬತ್ತರ ಹತ್ತಿರದ ಹೆಂಗಸು. ಅವಳ ಗಂಡ ಡ್ವೇನ್ ಓಕ್ಲ್ಯಾಂಡ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು, ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಆ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ಯಾರೂ ಕಂಡಿರಲಿಲ್ಲ. ನೆಲದಿಂದ ಸೂರಿನ ತನಕ ಅವನು ಜನ್ಮವಿಡೀ ಕೂಡಿಹಾಕಿದ ರೆಕಾರ್ಡುಗಳು, ಎಲ್ಲವೂ ಕಂಟ್ರಿ ಸಂಗೀತದವು, ಆ ನಾಡಿನ ಹಳ್ಳಿಗಾಡಿನ ಹಾಡುಗಳು. ಅರ್ಲೀನ್ ಒಂದನ್ನು ತೆಗೆದು ಧೂಳೊರೆಸಿ ಪ್ಲೇಯರಿನ ಮೇಲಿಟ್ಟಳು.

ದುಂ, ಎಂದಿತು ಒಂದು ದಪ್ಪ ತಂತಿ. ಚಕ್, ಎಂದಿತು ಗಿಟಾರು. ದುಂ, ಚಕ್. ದುಂ, ಚಕ್. ಮೇಲೆ ಯಾರೋ ಗಂಡಸು ಮೂಗಿನಲ್ಲಿ ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದ. ವೆಂಕಟಾಚಲನ ಬಲಗೈ ಯಜಮಾನನ ಅಪ್ಪಣೆಗೆ ಕಾಯದೆ, ಕಿತ್ತ ಹುಲ್ಲನ್ನು ಬಿಟ್ಟು ತೊಡೆಯ ಮೇಲೆ ಬಿತ್ತು. ಎಂದಿನಂತೆ ಅರ್ಧ ಎಣಿಕೆ ತಡವಾಗಿಯೇ ಬಿತ್ತು. ಬಿದ್ದದ್ದು ಸರಿಯಾಗಿ ಚಕ್ ಎನ್ನುವಲ್ಲಿಗೆ.

ಅವನು ಗಾಬರಿಯಾಗಿ ಕೈ ನೋಡಿಕೊಂಡ. ಕಿರುಬೆರಳು, ಚಕ್. ಉಂಗುರದ ಬೆರಳು, ಚಕ್. ಗಿಟಾರಿನವನು ಇವನ ಬೆರಳು ನೋಡಿಕೊಂಡೇ ಬಾರಿಸುತ್ತಿದ್ದಾನೇನೋ ಎನ್ನುವ ಹಾಗೆ ಎಲ್ಲವೂ ಕೂಡಿಬರುತ್ತಿತ್ತು. ಹುಟ್ಟಿದಂದಿನಿಂದ ಅವನ ಕೈ ಯಾವ ಹಾಡಿನೊಂದಿಗೂ ಹೀಗೆ ಕೂಡಿರಲಿಲ್ಲ. ವೆಂಕಟಾಚಲನ ಮೈಯೆಲ್ಲ ಜುಮ್ಮೆಂದಿತು. ಭೂಮಿಯ ಮೇಲೆ ತನಗಾಗಿಯೂ ಒಂದು ಸಂಗೀತವಿದೆ, ಅದನ್ನು ಇಷ್ಟು ವರ್ಷ ರಸ್ತೆಯಾಚೆಯ ಗ್ಯಾರೇಜಿನಲ್ಲಿ ಬಚ್ಚಿಟ್ಟಿದ್ದರು ಎಂದು ತಿಳಿದು ಕಣ್ಣು ಹನಿಗೂಡಿತು. ಹಾಡು ಮುಗಿದಾಗ ತಲೆಯೆತ್ತಿ ನೋಡುತ್ತಾನೆ, ಅರ್ಲೀನ್ ರಸ್ತೆ ದಾಟಿ ಬಂದು ಅವನ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು.

ಮುಂದಿನ ವಾರ ತನ್ನ ಮನೆಗೆ ಬಾ ಎಂದು ಅವಳು ಅವನನ್ನು ಕರೆದಳು. ಊರಿನ ಲೈಬ್ರರಿಯವರು ಡ್ವೇನ್ ಹೆಸರಿನಲ್ಲಿ ಒಂದು ಕಪಾಟು ಕೊಡುತ್ತಾರಂತೆ. ಹತ್ತು ಆಲ್ಬಮ್ಮಿಗೆ ಮಾತ್ರ ಜಾಗ. ಅಷ್ಟು ರಾಶಿಯಲ್ಲಿ ಸಾರ್ವಕಾಲಿಕ ಶ್ರೇಷ್ಠ ಕಂಟ್ರಿ ಆಲ್ಬಂಗಳು ಯಾವ ಹತ್ತು ಎಂದು ಆರಿಸಬೇಕು. ಆರಿಸುವುದಕ್ಕೆ ಡ್ವೇನನ ಗೆಳೆಯ ಗ್ಯಾರೆಟ್ ಬರುತ್ತಾನೆ, ರೇಡಿಯೋದಲ್ಲಿ ಬಾಳೆಲ್ಲ ಈ ಹಾಡುಗಳನ್ನೇ ಹಾಕಿದವನು. ನೀನೂ ಬಾ, ನೀನು ಕೇಳುವ ಹಾಗೆ ಕೇಳುವವರನ್ನು ನಾನು ಕಂಡಿಲ್ಲ ಎಂದಳು.

ಬರುವುದಿಲ್ಲ ಎನ್ನಲು ವೆಂಕಟಾಚಲ ಬಾಯಿ ತೆರೆದ. ಆದರೆ ನಮ್ಮವರಿಗೆ ಮನೆಗೆ ಬಂದು ಕರೆದವರಿಗೆ ಇಲ್ಲ ಎನ್ನುವ ವಿದ್ಯೆಯನ್ನು ಯಾರೂ ಕಲಿಸಿರುವುದಿಲ್ಲ. ಅಲ್ಲದೆ ಕೈಯೂ ಒಳಗೊಳಗೇ ಬೇಡುತ್ತಿತ್ತು. ಹೆಂಡತಿಗೆ ಎದುರುಮನೆ ಅಜ್ಜಿಗೆ ಸಾಮಾನು ಜೋಡಿಸಲು ಸಹಾಯ ಎಂದು ಹೇಳಿ, ಡಬ್ಬಿಯಲ್ಲಿ ಕೋಡುಬಳೆ ಹಾಕಿಸಿಕೊಂಡು ಹೊರಟ.

ಅರ್ಲೀನಳ ಹಾಲಿನಲ್ಲಿ ಗ್ಯಾರೆಟ್ ಮನೆಯೊಳಗೂ ಟೋಪಿ ತೆಗೆಯದೆ ಕೂತಿದ್ದ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಬೆಲ್ಟು. ಒಂದೊಂದು ಆಲ್ಬಮ್ಮಿನ ಬಗ್ಗೆಯೂ ಕಣ್ಣಲ್ಲಿ ನೀರು ತಂದುಕೊಂಡು ಮಾತಾಡಿದ. ವೆಂಕಟಾಚಲನಿಗೆ ಹಾಡಿದವರ ಹೆಸರು ನಿಲ್ಲಲಿಲ್ಲ. ಕವರು ನೋಡಿ ಕುದುರೆಯವನು, ಗುಲಾಬಿ ಲಂಗದವಳು, ಮುರಿದ ಲಾರಿಯವನು ಎಂದು ಗುರುತಿಟ್ಟುಕೊಂಡ. ಸೂಜಿ ಇಳಿಯಿತು. ಅವನ ಕಣ್ಣು ಅರ್ಧ ಮುಚ್ಚಿತು, ಕೈ ಎದ್ದಿತು. ಆಮೇಲೆ ಅವನಿಗೆ ಹೊರಗಿನ ಪ್ರಪಂಚ ಬೇಕಿರಲಿಲ್ಲ.

ಹೊರಗಿನ ಪ್ರಪಂಚದಲ್ಲಿ ನಡೆದದ್ದು ಬೇರೆ. ಕುದುರೆಯವನ ಆಲ್ಬಂ ಮುಗಿದಾಗ ವೆಂಕಟಾಚಲನ ಹೆಬ್ಬೆರಳು ನಡುಬೆರಳಿನ ಮೇಲೆ ನಿಂತಿತ್ತು. ಗುಲಾಬಿ ಲಂಗದವಳು ಮುಗಿಸಿದಾಗ ಕೈ ತೊಡೆಯ ಮೇಲಿನ ಕೊನೆಯ ಪೆಟ್ಟಿನಲ್ಲಿತ್ತು. ಗ್ಯಾರೆಟ್ ಅರ್ಲೀನಳ ಮುಖ ನೋಡಿದ. ಈ ಮನುಷ್ಯ ಹಾಡು ನಡೆಯುವಾಗ ಬೆರಳಲ್ಲಿ ಏನೋ ಲೆಕ್ಕ ಹಾಕುತ್ತಾನೆ, ಹಾಡು ಮುಗಿದ ಕೂಡಲೇ ಒಂದು ಕಡೆ ನಿಲ್ಲಿಸುತ್ತಾನೆ. ಅಂಕ ಅಲ್ಲದೆ ಮತ್ತೇನು? ಒಂದರಿಂದ ಎಂಟರ ತನಕ ಅಂಕ. ನಡುಬೆರಳು ನಾಲ್ಕು, ಕೊನೆಯ ಪೆಟ್ಟು ಏಳು. ಕೊನೆಯಲ್ಲಿ ಅಂಗೈ ಮೇಲಾಗಿ ನಿಂತರೆ ಎಂಟಕ್ಕೆ ಎಂಟು. ಅಷ್ಟು ಯಾರಿಗೂ ಬರಲಿಲ್ಲ.

ತನಗೆ ಪ್ರಾಣಪ್ರಿಯವಾದ ಮುರಿದ ಲಾರಿಯವನಿಗೆ ಕಿರುಬೆರಳು, ಅಂದರೆ ಎರಡೇ ಅಂಕ, ಬಂದಾಗ ಗ್ಯಾರೆಟ್ ತಡೆಯಲಾರದೆ ಹೋದ. ಗಂಟಲು ಸರಿಮಾಡಿಕೊಂಡು, ಆ ಕೊನೆಯ ಹಾಡನ್ನು ಇನ್ನೊಮ್ಮೆ ಕೇಳೋಣ ಎಂದ. ವೆಂಕಟಾಚಲ ಸಂತೋಷದಿಂದ ತಲೆಯಾಡಿಸಿದ. ಹಾಡು ಮುಗಿಯಿತು. ಕಿರುಬೆರಳು. ಗ್ಯಾರೆಟ್ ಬೆವರೊರೆಸಿಕೊಂಡು ಮೂರನೆಯ ಸಲ ಹಾಕಿದ. ಕಿರುಬೆರಳೇ. ಅದೇ ಹಾಡು, ಅದೇ ಉದ್ದ, ಅದೇ ತಡ. ಬೆರಳು ಬೇರೆ ಕಡೆ ಹೋಗುವುದಾದರೂ ಹೇಗೆ? ಆದರೆ ಆ ಬಡಪಾಯಿ ರೇಡಿಯೋದವನಿಗೆ ಇದು ಹೇಗೆ ಗೊತ್ತಾಗಬೇಕು. ತಾನು ಬಾಳೆಲ್ಲ ಕೇಳಿದರೂ ಒಂದೇ ಹಾಡು ಬೆಳಗ್ಗೆ ಒಂದು ತರಹ, ಸಂಜೆ ಒಂದು ತರಹ ಕೇಳಿಸುತ್ತಿತ್ತು. ಈ ಮನುಷ್ಯನ ತೀರ್ಪು ಮಾತ್ರ ಕೂದಲೆಳೆಯಷ್ಟೂ ಅಲುಗುತ್ತಿಲ್ಲ. ಅವನು ಮೊದಲ ಸಲ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

ಹೀಗೆ ವಾರ ವಾರ ಶ್ರೇಷ್ಠರ ಆಯ್ಕೆ ನಡೆಯಿತು. ನೂರಾರು ಆಲ್ಬಂಗಳ ಹಣೆಬರಹವನ್ನು ವೆಂಕಟಾಚಲನ ಬೆರಳು, ವೆಂಕಟಾಚಲನಿಗೇ ಗೊತ್ತಿಲ್ಲದಂತೆ ಬರೆದುಹಾಕಿತು. ಅವನಿಗೆ ವಿಷಯ ತಿಳಿದದ್ದು ಮಗಳು ವಿಭಾಳ ಫೋನಿನಿಂದ. ಅರ್ಲೀನ್ ಅವನ ಕೈಯ ಫೋಟೋ ತೆಗೆದು ಬಡಾವಣೆಯ ಆನ್‌ಲೈನ್ ಗುಂಪಿನಲ್ಲಿ ಹಾಕಿ, ನಮ್ಮ ನೆರೆಯ ಸಂಗೀತಜ್ಞರು ಪ್ರಾಚೀನ ಭಾರತದ ಬೆರಳಂಕ ಪದ್ಧತಿಯಿಂದ ತೀರ್ಪು ಕೊಡುತ್ತಿದ್ದಾರೆ, ಇನ್ನುಳಿದ ಒಂದು ಸ್ಥಾನಕ್ಕೆ ಲೈಬ್ರರಿಯಲ್ಲಿ ಸಾರ್ವಜನಿಕ ಆಯ್ಕೆ ನಡೆಯಲಿದೆ ಎಂದು ಬರೆದಿದ್ದಳು.

"ಅಪ್ಪಾ, ಯು ಆರ್ ವೈರಲ್," ಎಂದಳು ವಿಭಾ. "ಡಸ್ ಅಮ್ಮ ನೋ?"

ವೆಂಕಟಾಚಲ ಅಂದೇ ಓಡಿಹೋಗಿ ಗ್ಯಾರೆಟ್‌ನಿಗೆ ನಿಜ ಹೇಳಿದ. ತನಗೆ ಸಂಗೀತ ಬಾರದು, ಏನೇನೂ ಬಾರದು, ಕೈ ತಾನಾಗಿ ಆಡುತ್ತದೆ ಅಷ್ಟೇ ಎಂದ. ಗ್ಯಾರೆಟ್ ಅವನ ಹೆಗಲ ಮೇಲೆ ಕೈಯಿಟ್ಟು, ಈ ರಂಗದಲ್ಲಿ ನಿಜವಾಗಿ ದೊಡ್ಡವರಾದವರು ತನ್ನ ಮುಂದೆ ಆಡಿದ್ದು ಇದೇ ಮಾತು, ಕೈ ತಾನಾಗಿ ಆಡುತ್ತದೆ ಎಂದೇ ಅವರೂ ಹೇಳುತ್ತಿದ್ದರು ಎಂದ. ಸತ್ಯ ಹೇಳಿದ್ದರಿಂದ ವೆಂಕಟಾಚಲ ಇನ್ನೂ ಎರಡು ಮೆಟ್ಟಿಲು ಮೇಲೇರಿ ಮನೆಗೆ ಬಂದ.

ಮನೆಯಲ್ಲಿ ಅಷ್ಟು ಹೊತ್ತಿಗೆ ಗುರುಕಿರಣನ ಫೋನು ಬಂದಾಗಿತ್ತು. ಸಾರ್ ಅವರ ಬಗ್ಗೆ ಓದಿ ಬಳಗದವರೆಲ್ಲ ಬೆರಗಾಗಿದ್ದಾರೆ, ಹೋದ ನವರಾತ್ರಿಯಲ್ಲಿ ತಾನು ಅವರ ತಾಳದ ಆಳ ತಿಳಿಯದೆ ತಡವರಿಸಿದೆ ಎಂದು ಈಗ ಅರ್ಥವಾಗುತ್ತಿದೆ, ಲೈಬ್ರರಿಗೆ ಶಾಲು, ಹಾರ, ಮೈಸೂರು ಪೇಟದೊಂದಿಗೆ ಬರುತ್ತೇವೆ ಎಂದನಂತೆ. ಜಲಜಾ ಇದನ್ನು ಹೇಳುವಾಗ ಅವಳ ದನಿ ಫ್ರೀವೇಯಲ್ಲಿದ್ದಷ್ಟೇ ತಣ್ಣಗಿತ್ತು.

ಸಾಲದ್ದಕ್ಕೆ ನವರಾತ್ರಿಯ ಕಛೇರಿಗೆಂದು ಮೈಸೂರಿನಿಂದ ಬಂದಿಳಿದಿದ್ದ ಮಾವ ತಿರುಮಲೇಶಯ್ಯನವರು ಸೋಫಾದ ಮೇಲೆ ಕೂತು ಐಪ್ಯಾಡಿನಲ್ಲಿ ಆ ಫೋಟೋವನ್ನು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು. ಶಿಷ್ಯನೊಬ್ಬ ಒಂದು ಪೆಟ್ಟು ತಪ್ಪಿದ್ದಕ್ಕೆ ಅರ್ಧ ಹಾಡಿನಲ್ಲೇ ಎಬ್ಬಿಸಿ ಮನೆಗೆ ಕಳಿಸಿದ ಖ್ಯಾತಿ ಅವರದು. ಅಳಿಯನನ್ನು ನೋಡಿ ಅವರು ಕನ್ನಡಕ ತೆಗೆದರು.

"ಬೆರಳಂಕ ಪದ್ಧತಿ," ಎಂದರು. "ಶಾಸ್ತ್ರದಲ್ಲಿ ನಾನು ಎಲ್ಲೂ ಕಂಡಿರಲಿಲ್ಲ ಅಳಿಯಂದಿರೇ. ನಾನೂ ಬಂದು ನೋಡ್ತೀನಿ."

ಅಡುಗೆಮನೆಯಲ್ಲಿ ಜಲಜಾ ಹೇಳಬೇಕಾದ್ದನ್ನು ಹೇಳಿದಳು. ಶನಿವಾರ ಲೈಬ್ರರಿ, ಭಾನುವಾರ ಕಛೇರಿ. ಶನಿವಾರ ಅಪ್ಪನ ಎದುರಿಗೆ, ಶಿಷ್ಯರ ತಂದೆತಾಯಿಗಳ ಎದುರಿಗೆ ಆ ಕೈ ಎದ್ದರೆ ಭಾನುವಾರ ಕಾರು. ಅದರಲ್ಲಿ ಚೌಕಾಸಿಯಿಲ್ಲ. ವೆಂಕಟಾಚಲ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಆಗಲಿ ಎಂದ.

ಶನಿವಾರ ಲೈಬ್ರರಿಯ ಹಾಲು ತುಂಬಿಹೋಗಿತ್ತು. ಒಂದು ಕಡೆ ಟೋಪಿಯವರು, ಬೂಟಿನವರು. ಇನ್ನೊಂದು ಕಡೆ ರೇಷ್ಮೆ ಸೀರೆಯ ಕನ್ನಡ ಬಳಗದವರು. ಎರಡೂ ಕಡೆಯವರು ಒಬ್ಬರ ಉಡುಪನ್ನೊಬ್ಬರು ಗೌರವದಿಂದ ನೋಡುತ್ತಿದ್ದರು. ಗುರುಕಿರಣ ಪೇಟವನ್ನು ತಟ್ಟೆಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಮುಂದಿನ ಸಾಲಿನಲ್ಲಿ ವೆಂಕಟಾಚಲ, ಅವನ ಬಲಕ್ಕೆ ಮಾವ, ಮಾವನ ಆಚೆ ಜಲಜಾ, ವಿಭಾ. ವೆಂಕಟಾಚಲ ಎರಡೂ ಕೈಗಳನ್ನು ತೊಡೆಯಡಿಗೆ ತಳ್ಳಿ, ಮೇಲಿಂದ ಮೈಭಾರ ಬಿಟ್ಟು ಕೂತಿದ್ದ.

ಅರ್ಲೀನ್ ಎದ್ದು ನಿಂತಳು. ಕೈಯಲ್ಲಿ ಒಂದು ಮಾಸಿದ ಆಲ್ಬಂ. ಇದು ಡ್ವೇನ್ ಕೊನೆಯ ದಿನಗಳಲ್ಲಿ ಕೇಳುತ್ತಿದ್ದದ್ದು, ಅವನು ಹೋದ ಮೇಲೆ ತಾನು ಇದರ ಮೇಲೆ ಸೂಜಿಯಿಡಲು ಧೈರ್ಯ ಮಾಡಿಲ್ಲ ಎಂದಳು. ಇದು ಶ್ರೇಷ್ಠವೋ, ಬರೀ ನಮ್ಮಿಬ್ಬರಿಗೆ ಶ್ರೇಷ್ಠವೋ ತನಗೆ ಗೊತ್ತಾಗುವುದಿಲ್ಲ, ಅದಕ್ಕೇ ನಿಷ್ಪಕ್ಷಪಾತಿಯಾದ ನೆರೆಯವನಿಗೆ ಬಿಟ್ಟಿದ್ದೇನೆ ಎಂದು ವೆಂಕಟಾಚಲನ ಕಡೆ ನೋಡಿದಳು. ಸೂಜಿ ಇಳಿಯಿತು.

ಹೆಂಗಸಿನ ದನಿ, ವಯಸ್ಸಾದ ದನಿ. ಮನೆಗೆ ಬಾರದೆ ಹೋದವರಿಗಾಗಿ ಅಡುಗೆ ಬಿಸಿಯಾಗಿಟ್ಟುಕೊಂಡು ಕೂತವಳ ಹಾಡು. ದುಂ, ಚಕ್. ದುಂ, ಚಕ್. ಗ್ಯಾರೆಟ್ ತಲೆ ತಗ್ಗಿಸಿದ. ಸಭೆ ಹಾಡು ಕೇಳುವುದನ್ನು ಬಿಟ್ಟು ವೆಂಕಟಾಚಲನನ್ನು ನೋಡಿತು. ಕೈ ಏಳಲಿಲ್ಲ. ಹಾಡು ಒಂದು ಚರಣ ದಾಟಿತು, ಕೈ ಏಳಲಿಲ್ಲ. ಅರ್ಲೀನಳ ಮುಖದ ಮೇಲಿದ್ದ ಸಣ್ಣ ನಗು ಮೆಲ್ಲಗೆ ಆರಿತು. ಸೊನ್ನೆ ಎಂದುಕೊಂಡಳು ಪಾಪ. ನಮ್ಮಿಬ್ಬರದು ಲೆಕ್ಕಕ್ಕಿಲ್ಲ ಎಂದುಕೊಂಡು ಆಲ್ಬಮ್ಮಿನ ಖಾಲಿ ಕವರನ್ನು ಎದೆಗವಚಿಕೊಂಡಳು.

ವೆಂಕಟಾಚಲ ಅದನ್ನು ಕಂಡ. ಬಲಕ್ಕೆ ಮಾವನ ಕೆಮ್ಮು, ಅದರಾಚೆ ಜಲಜಾಳ ರೇಷ್ಮೆಯ ಸರಬರ, ಅದರಾಚೆ ಭಾನುವಾರ, ಭಾನುವಾರದ ವೇದಿಕೆ, ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚುವ ಹೆಂಡತಿ. ಎಲ್ಲವನ್ನೂ ಒಮ್ಮೆ ನೆನೆದುಕೊಂಡು, ಕಾರಿನ ಸೀಟನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರೆ ಅಷ್ಟೇನೂ ಕಷ್ಟವಾಗಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡು ಬಲಗೈಯನ್ನು ಹೊರಗೆಳೆದ.

ಕೈ ಚಕ್ ಎನ್ನುವಲ್ಲಿಗೆ ಬಿತ್ತು. ಸಭೆ ಉಸಿರು ಬಿಟ್ಟಿತು. ಹಿಂದೆ ಕೂತಿದ್ದ ಟೋಪಿಯವರು ನೆಮ್ಮದಿಯಿಂದ ಚಪ್ಪಾಳೆ ತಟ್ಟತೊಡಗಿದರು. ಅವರದೂ ಚಕ್ ಎನ್ನುವಲ್ಲಿಗೇ ಬಿತ್ತು. ಗ್ಯಾರೆಟ್‌ನ ಬೂಟು, ಅರ್ಲೀನಳ ಬೆರಳು, ಬಾಗಿಲಲ್ಲಿದ್ದ ಲೈಬ್ರರಿಯವಳ ತಲೆ, ಎಲ್ಲವೂ ವೆಂಕಟಾಚಲನೊಂದಿಗೆ ಕೂಡಿಕೊಂಡವು. ಇಡೀ ಹಾಲು ಒಂದೇ ಕೈಯಾಯಿತು.

ಕೂಡದೆ ಉಳಿದದ್ದು ಒಂದೇ ಕೈ. ತಿರುಮಲೇಶಯ್ಯನವರು ತಮಗರಿವಿಲ್ಲದೆ ತಾಳ ಹಾಕತೊಡಗಿದ್ದರು, ಶಾಸ್ತ್ರಶುದ್ಧವಾಗಿ, ದುಂ ಎನ್ನುವಲ್ಲಿಗೆ. ಅಷ್ಟು ಜನರ ನಡುವೆ ಅವರ ಪೆಟ್ಟು ಒಂಟಿಯಾಗಿ ಬಿದ್ದು ಬಿದ್ದು ಏಳುತ್ತಿತ್ತು. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಹಿಂದಕ್ಕೆ ತಿರುಗಿ ಪೂರ್ತಿ ಸಭೆಯನ್ನು ನೋಡಿದರು. ಅಷ್ಟೂ ಜನ ತಪ್ಪು, ಅಷ್ಟೂ ಜನ ಒಂದೇ ತಪ್ಪು, ಆದರೂ ಲಯ ಒಂದು ಎಳೆ ಕದಲುತ್ತಿಲ್ಲ. ಮುದುಕರ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ದಟ್ಸ್ ಹೌ ಇಟ್ ಗೋಸ್, ತಾತ," ಎಂದು ವಿಭಾ ಪಿಸುಗುಟ್ಟಿದಳು. "ಎವ್ರಿಬಡಿ ಕ್ಲ್ಯಾಪ್ಸ್ ಲೈಕ್ ಅಪ್ಪ ಹಿಯರ್."

ಹಾಡು ಮುಗಿದಾಗ ವೆಂಕಟಾಚಲನ ಕೈ ಕೊನೆಯ ಪೆಟ್ಟಿನಲ್ಲಿ, ತೊಡೆಯ ಮೇಲೆ ನಿಂತಿತ್ತು. ಏಳು, ಎಂದು ಗ್ಯಾರೆಟ್ ಎದ್ದು ಘೋಷಿಸಿದ. ಡ್ವೇನನ ಆಲ್ಬಂ ಹತ್ತರೊಳಗೆ ಬಂತು. ಅರ್ಲೀನ್ ಕಣ್ಣೊರೆಸಿಕೊಂಡು ಬಂದು ವೆಂಕಟಾಚಲನ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಎಲ್ಲರಿಗೂ ಕೇಳುವಂತೆ ಕೇಳಿದಳು: ಇದನ್ನು ಯಾರ ಹತ್ತಿರ ಕಲಿತೆ, ನಿನ್ನ ಗುರು ಯಾರು?

ಕನ್ನಡ ಬಳಗದವರೆಲ್ಲ ತಿರುಮಲೇಶಯ್ಯನವರ ಕಡೆ ತಿರುಗಿದರು. ಗುರುಕಿರಣ ಪೇಟದ ತಟ್ಟೆ ಹಿಡಿದು ಎರಡು ಹೆಜ್ಜೆ ಮುಂದೆ ಬಂದ. ತಿರುಮಲೇಶಯ್ಯನವರು ಗಂಟಲು ಸರಿಮಾಡಿಕೊಂಡು ಕುರ್ಚಿಯ ತೋಳು ಹಿಡಿದು ಏಳಲು ಹೊರಟರು. ವೆಂಕಟಾಚಲ ನೆಲ ನೋಡಿದ. ಅಷ್ಟರಲ್ಲಿ ಜಲಜಾ ಎದ್ದು ನಿಂತಿದ್ದಳು.

"ನನ್ನ ಹತ್ರ," ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು. "ಇವರು ನನ್ನ ಮೊದಲನೇ ಶಿಷ್ಯರು."

ಚಪ್ಪಾಳೆಯಲ್ಲಿ ಶಾಲು, ಹಾರ, ಪೇಟ ಎಲ್ಲ ಜಲಜಾಳ ಪಾಲಾದವು. ಪೇಟ ಅವಳಿಗೇ ಒಪ್ಪುತ್ತಿತ್ತು ಎಂದು ಗ್ಯಾರೆಟ್ ಅಭಿಪ್ರಾಯಪಟ್ಟ.

ಮನೆಗೆ ಹೋಗುವಾಗ ಕಾರಿನಲ್ಲಿ ಮೊದಲು ಮಾತಾಡಿದವರು ಹಿಂದಿನ ಸೀಟಿನ ಮಾವ.

"ಅಳಿಯಂದಿರೇ, ತಾಳ ತಪ್ಪೋರನ್ನ ನಾನು ಬೇಕಾದಷ್ಟು ನೋಡಿದೀನಿ. ಒಂದು ಸಲ ಮುಂದೆ ತಪ್ತಾರೆ, ಒಂದು ಸಲ ಹಿಂದೆ ತಪ್ತಾರೆ. ಒಂದೇ ತಪ್ಪನ್ನ ಹೀಗೆ ಶುರುವಿಂದ ಕಡೇತನಕ ಎಳೆ ಹಿಡಿದ ಹಾಗೆ ನಿಭಾಯಿಸೋದು ವಿದ್ವಾಂಸರ ಕೈಲೂ ಆಗಲ್ಲ." ಸ್ವಲ್ಪ ತಡೆದು ಸೇರಿಸಿದರು. "ಸಂಗೀತ ಅಂತ ನಾನು ಹೇಳ್ತಾ ಇಲ್ಲ. ಸಾಧನೆ ಅಂತೀನಿ."

ಜಲಜಾ ಕಿಟಕಿಯಾಚೆ ನೋಡುತ್ತಿದ್ದಳು. ನೋಡುತ್ತಲೇ ಹೇಳಿದಳು. "ನನ್ನ ನೋಡೋಕೆ ನಮ್ಮನೆಗೆ ಬಂದಿದ್ರಲ್ಲ, ಅವತ್ತು ನಾನು ಹಾಡ್ತಾ ಹಾಡ್ತಾ ನಿಮ್ಮ ಕೈ ನೋಡ್ತಾ ಇದ್ದೆ ರೀ. ಮೊದಲನೇ ಪೆಟ್ಟಿಗೇ ತಪ್ಪು. ಇನ್ನೇನು ನಾಚಿಕೊಂಡು ಬಿಟ್ಬಿಡ್ತಾರೆ ಅಂದ್ಕೊಂಡೆ. ಬಿಡಲಿಲ್ಲ. ಅಷ್ಟು ದೊಡ್ಡ ಕೃತಿ, ಕಡೇತನಕ ನನ್ನ ಹಿಂದೆ ಹಿಂದೆ ಬಂದ್ರಿ. ಅದಕ್ಕೇ ನಾನು ಹೂಂ ಅಂದಿದ್ದು."

ಇಷ್ಟು ವರ್ಷ ತನ್ನ ತಾಳಕ್ಕೆ ಮಾರುಹೋಗಿ ಅವಳು ಒಪ್ಪಿದಳೆಂದು ವೆಂಕಟಾಚಲ ಒಳಗೊಳಗೇ ಬೀಗುತ್ತಿದ್ದ. ತಪ್ಪು ಗೊತ್ತಿದ್ದೂ ಒಪ್ಪಿದ್ದಳೆಂದು ತಿಳಿದಾಗ ಆದ ಬೆರಗು ಅದಕ್ಕಿಂತ ಬಹಳ ದೊಡ್ಡದಿತ್ತು. ಫ್ರೀವೇಯಲ್ಲಿ ತಾನು ಇಳಿಯಬೇಕಾದ ಕಡೆ ಇಳಿಯುವುದನ್ನು ಮರೆತು ಮುಂದೆ ಹೋಗಿಬಿಟ್ಟ. ಯಾರೂ ಬೈಯಲಿಲ್ಲ.

"ನಾಳೆ ಕಾರಲ್ಲಿ ಕೂರೋದು ಬೇಡ," ಎಂದಳು ಜಲಜಾ.

ಭಾನುವಾರ ಅವನು ಮುಂದಿನ ಸಾಲಿನಲ್ಲಿ ಕೂತ. ಪಕ್ಕದಲ್ಲಿ ಅರ್ಲೀನ್, ಟೋಪಿ ಮಡಿಲಲ್ಲಿಟ್ಟುಕೊಂಡ ಗ್ಯಾರೆಟ್. ಗುರುವಿನ ಹಾಡು ಕೇಳಲು ಬಂದಿದ್ದರು. ಜಲಜಾ ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿದಳು. ಮೊದಲ ಸ್ವರ ಹಿಡಿದಳು. ಆಮೇಲೆ ಕಣ್ಣು ತೆರೆದು, ತೊಡೆಯಡಿಗೆ ಕೈ ತುರುಕಿಕೊಂಡು ಕೂತಿದ್ದ ಗಂಡನನ್ನು ನೋಡಿ, ಹಾಕಿ ಎನ್ನುವಂತೆ ಗಲ್ಲ ಆಡಿಸಿದಳು. ಅವನು ಕೈ ಹೊರಗೆ ತೆಗೆದ. ಗುರುಕಿರಣ ಬುದ್ಧಿವಂತ, ಮೃದಂಗದ ಮೇಲೆ ಬಾಗಿ ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡ. ತಿರುಮಲೇಶಯ್ಯನವರು ಚಾವಣಿ ನೋಡಿಕೊಂಡು ತಾಳ ಹಾಕಿದರು.

ಕೃತಿ ಮುಗಿಯಿತು. ಜಲಜಾಳ ಕೈ, ಮಾವನ ಕೈ, ಶಿಷ್ಯರ ಕೈಗಳು, ತಿಳಿದವರ ಕೈಗಳೆಲ್ಲ ಹೊಸ ಸುತ್ತಿನ ಮೊದಲ ಪೆಟ್ಟಿಗೆ ಒಟ್ಟಾಗಿ ತೊಡೆಯ ಮೇಲೆ ಬಿದ್ದವು. ವೆಂಕಟಾಚಲನದು ಮಾತ್ರ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಅರ್ಧ ಎಣಿಕೆ ಹಿಂದೆ, ಎಂಟನೆಯದರಲ್ಲಿ, ಅಂಗೈ ಮೇಲಾಗಿ ನಿಂತಿತ್ತು. ಅವನು ಅದನ್ನು ಇಳಿಸುವುದನ್ನೂ ಮರೆತು ವೇದಿಕೆಯನ್ನೇ ನೋಡುತ್ತಿದ್ದ.

ಗ್ಯಾರೆಟ್ ಆ ಅಂಗೈಯನ್ನು ನೋಡಿದ, ಅರ್ಲೀನಳನ್ನು ಮೊಣಕೈಯಿಂದ ತಿವಿದ. ನೂರಾರು ಆಲ್ಬಂಗಳಲ್ಲಿ ಒಂದಕ್ಕೂ ಸಿಗದ ಎಂಟಕ್ಕೆ ಎಂಟು ಕೊನೆಗೂ ಬಂದಿತ್ತು. ಇಬ್ಬರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.